ಹುಣಸೆಹಣ್ಣಿನ ಹರಾಜು, ಕೆರೆ ದಡದ ಗುತ್ತಿಗೆ

ಸರ್ವೆ ಇಲಾಖೆಯಲ್ಲಿ ದುಡಿದವರನ್ನು ಕೇಳಿ ನೋಡಿ, ಅಳೆಯುವುದಕ್ಕೆ ಯಾವ ಜಾಗ ಕಷ್ಟ ಅಂತ. ಬೆಟ್ಟ ಅನ್ನುವುದಿಲ್ಲ, ಕಾಡು ಅನ್ನುವುದಿಲ್ಲ. ಕೆರೆ ಅನ್ನುತ್ತಾರೆ. ಹೊಲಕ್ಕೆ ಬದು ಇರುತ್ತದೆ. ಮನೆಗೆ ಗೋಡೆ ಇರುತ್ತದೆ. ನಮ್ಮ ಬಯಲುಸೀಮೆಯ ಕೆರೆಗೆ ಒಂದು ಕಡೆ ಮಾತ್ರ ಏರಿ. ಉಳಿದ ಕಡೆ ನೆಲ ಮೆಲ್ಲಗೆ ಇಳಿಯುತ್ತಾ ಹೋಗಿ ನೀರಿಗೆ ಸೇರುತ್ತದೆ. ದೀಪಾವಳಿಯಲ್ಲಿ ಮೊಣಕಾಲುದ್ದ ನೀರಿದ್ದ ಜಾಗದಲ್ಲಿ ಯುಗಾದಿ ಹೊತ್ತಿಗೆ ದನ ಮೇಯುತ್ತಿರುತ್ತವೆ. ಸರಪಳಿ ಎಲ್ಲಿ ಹಿಡಿಯಬೇಕು, ಹೇಳಿ?

ಕಾಗದದಲ್ಲಿ ಉತ್ತರ ಇದೆ. ಕೆರೆ ತುಂಬಿ ಕೋಡಿ ಹರಿಯುವಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೋ ಅಲ್ಲಿಯವರೆಗೆ ಕೆರೆ. ಗ್ರಾಮ ನಕಾಶೆಯಲ್ಲಿ ಅದಕ್ಕೊಂದು ಸರ್ವೆ ನಂಬರು. ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಬರೆದಿಡುವ ಆಕಾರ್‌ಬಂದ್‌ನಲ್ಲಿ ಇಷ್ಟು ಎಕರೆ, ಇಷ್ಟು ಗುಂಟೆ. ಆದರೆ ಜಾಗದ ಮೇಲೆ ನಿಂತರೆ ಆ ಗೆರೆ ಕಾಣಿಸಬೇಕಲ್ಲ! ಪಕ್ಕದ ಹೊಲದವನು ಬೇಸಿಗೆಯಲ್ಲಿ ಒಂದು ಸಾಲು ಮುಂದಕ್ಕೆ ಉಳುತ್ತಾನೆ. ಮಳೆ ಬಂದರೆ ಹಿಂದಕ್ಕೆ ಹೋಗುತ್ತಾನೆ. ಮೂರು ವರ್ಷ ಮಳೆ ಕೈಕೊಟ್ಟರೆ ಅಲ್ಲೇ ನಿಲ್ಲುತ್ತಾನೆ. ಒತ್ತುವರಿ ಅನ್ನೋದು ಹೀಗೇ ಶುರುವಾಗುತ್ತದೆ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಇನ್ನೂ ಸರಪಳಿ ಎಳೆದೇ ಅಳೆಯುತ್ತಿದ್ದೆವು. 33 ಅಡಿ ಸರಪಳಿ, ಅದರಲ್ಲಿ ಆಣೆ ಅನ್ನುವ 16 ಭಾಗ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ನಾನು ರಿಟೈರ್ ಆಗುವ ಹೊತ್ತಿಗೆ ಜಿಪಿಎಸ್ ಬಂತು, ಡ್ರೋನ್ ಬಂತು. ಕೆರೆ ಅಂಚಿನ ತಕರಾರು ಮಾತ್ರ ಹಾಗೇ ಉಳಿಯಿತು.

ನಮ್ಮೂರು ಕೋಲಾರ ಜಿಲ್ಲೆಯಲ್ಲಿದೆ. ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆ. ಅದಕ್ಕೇ ಕೆರೆ ಜಾಸ್ತಿ. ಊರ ಕೆರೆ ಏರಿ ಮೇಲೆ ಹುಣಸೆ ಮರಗಳಿದ್ದವು. ಪ್ರತಿ ವರ್ಷ ಪಂಚಾಯ್ತಿಯವರು ಅದರ ಹಣ್ಣನ್ನು ಹರಾಜು ಹಾಕುತ್ತಿದ್ದರು. ‘ಒಂದು ಸಾರಿ, ಎರಡು ಸಾರಿ’ ಅಂತ ಕೂಗುವುದನ್ನು ನೋಡಲಿಕ್ಕೇ ನಾವು ಹುಡುಗರು ಹೋಗಿ ಕೂರುತ್ತಿದ್ದೆವು. ಜಾಸ್ತಿ ಕೂಗಿದವನಿಗೆ ಆ ವರ್ಷದ ಹಣ್ಣು. ಮೀನಿಗೂ ಹಾಗೇ ಹರಾಜು. ಕೆಲವು ಊರುಗಳಲ್ಲಿ ಕೆರೆ ಅಂಗಳದ ಹುಲ್ಲಿಗೂ ಹರಾಜು ಇತ್ತು. ಹಾಗಾಗಿ ಕೆರೆಯಿಂದ ದುಡ್ಡು ಮಾಡುವುದು, ಗುತ್ತಿಗೆ ಕೊಡುವುದು ಯಾರೋ ಹೊಸದಾಗಿ ಕಂಡುಹಿಡಿದ ಪಾಪ ಅಂತ ನಾನು ಅಂದುಕೊಂಡಿಲ್ಲ.

ಆದರೆ ಆ ಹರಾಜಿನಲ್ಲಿ ಒಂದು ವಿಷಯ ಗಮನಿಸಿ. ಹಣ್ಣು ಹಿಡಿದವನು ಮರ ಬಡಿಸುವಾಗ ಕಾವಲಿಗೆ ಆಳು ಇಡುತ್ತಿದ್ದ. ನಾವು ಬಿದ್ದ ಕಾಯಿ ಆರಿಸಿದರೆ ಅಟ್ಟಿಸಿಕೊಂಡು ಬರುತ್ತಿದ್ದ. ಅಷ್ಟೇ ಅವನ ಅಧಿಕಾರ. ಏರಿ ಮೇಲೆ ಗಾಡಿ ಹೋಗುವುದನ್ನು ತಡೆಯುವ ಹಾಗಿರಲಿಲ್ಲ. ಮೀನು ಹಿಡಿದವನು ‘ಇಲ್ಲಿ ಎಮ್ಮೆ ಮೈ ತೊಳೆಯಬೇಡಿ’ ಅನ್ನುವ ಹಾಗಿರಲಿಲ್ಲ. ಮಡಿವಾಳರಿಗೆ ಅವರ ಕಲ್ಲುಗಳು ಇದ್ದವು. ಕುಂಬಾರರು ಮಣ್ಣು ತೆಗೆಯುವ ಮೂಲೆ ಬೇರೆ ಇತ್ತು. ಬೇಸಿಗೆಯಲ್ಲಿ ರೈತರು ಗಾಡಿಗಟ್ಟಲೆ ಕೆರೆ ಗೋಡು ಹೊತ್ತು ಹೊಲಕ್ಕೆ ಹಾಕುತ್ತಿದ್ದರು. ಅದರಿಂದ ಹೊಲಕ್ಕೂ ಲಾಭ, ಕೆರೆ ಹೂಳೂ ಕಡಿಮೆ. ಹೆಂಗಸರು ನೀರು ಹಿಂದೆ ಸರಿದ ಜಾಗದಲ್ಲಿ ಹೊನಗೊನೆ ಸೊಪ್ಪು ಕೊಯ್ಯುತ್ತಿದ್ದರು. ತೂಬು ಎತ್ತುವುದು, ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವುದು ನೀರಗಂಟಿಯ ಕೆಲಸ. ಗೌರಿ ಗಣೇಶನನ್ನು ಬಿಡುವುದೂ ಅಲ್ಲೇ, ಸತ್ತವರ ಕರ್ಮ ಮುಗಿಸುವುದೂ ಅಲ್ಲೇ.

ಹಳೇ ಕೆರೆ ಸ್ವರ್ಗ ಅಂತ ಹೇಳುತ್ತಿಲ್ಲ. ಯಾವ ಜಾತಿಯವರು ಎಲ್ಲಿ ನೀರು ಮುಟ್ಟಬೇಕು ಅನ್ನುವ ಕಟ್ಟಳೆ ಇತ್ತು. ಅದನ್ನು ಮೀರಿದವರಿಗೆ ಏನಾಗುತ್ತಿತ್ತು ಅನ್ನುವುದೂ ಊರಿಗೆಲ್ಲಾ ಗೊತ್ತಿತ್ತು. ಆ ಕಾಲ ವಾಪಸ್ ಬರಲಿ ಅಂತ ನನಗೇನೂ ಆಸೆ ಇಲ್ಲ. ನಾನು ಹೇಳುತ್ತಿರುವುದು ವ್ಯವಹಾರದ ಮಾತು. ಆಗ ಹರಾಜಿಗೆ ಬರುತ್ತಿದ್ದದ್ದು ಫಸಲು. ಜಾಗ ಯಾವತ್ತೂ ಹರಾಜಿಗೆ ಬರಲಿಲ್ಲ.

ಇದು ದಾಖಲೆಯಲ್ಲಿ ಹೇಗೆ ಕಾಣುತ್ತದೆ ಅಂದ್ರೆ, ಕಾಣುವುದೇ ಇಲ್ಲ! ಪಹಣಿ ತೆಗೆದು ನೋಡಿ. 9ನೇ ಕಾಲಂ ಮಾಲೀಕರದ್ದು. ಅಲ್ಲಿ ‘ಸರ್ಕಾರಿ ಕೆರೆ’ ಅಂತ ಇರುತ್ತದೆ. 11ನೇ ಕಾಲಂ ಇತರೆ ಹಕ್ಕುಗಳು ಮತ್ತು ಋಣಗಳದ್ದು. ನಿಮ್ಮ ಹೊಲದ ಮೇಲೆ ಬ್ಯಾಂಕಿನ ಬೆಳೆ ಸಾಲ ಇದ್ದರೆ ಆ ಕಾಲಂನಲ್ಲಿ ಬರುತ್ತದೆ. ಕೆರೆಯ ಪಹಣಿಯಲ್ಲಿ ಆ ಕಾಲಂ ತುಂಬಿದ್ದನ್ನು ನನ್ನ ಸರ್ವಿಸಿನಲ್ಲಿ ನಾನು ನೋಡಿಲ್ಲ. ಒಗೆಯುವ ಕಲ್ಲು, ಮೇಯುವ ದನ, ಕೊಯ್ಯುವ ಸೊಪ್ಪು, ಯಾವುದೂ ಅಲ್ಲಿಲ್ಲ. ಖಾಲಿ ಕಾಲಂ ನೋಡಿದ ಅಧಿಕಾರಿಗೆ ‘ಈ ಜಾಗದ ಮೇಲೆ ಯಾರದ್ದೂ ಏನೂ ಇಲ್ಲ’ ಅಂತ ಅನ್ನಿಸುವುದು ಸಹಜ.

ಬೆಂಗಳೂರಿನಲ್ಲಿ ಆದದ್ದು ಅದೇ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಅಂತ ಒಂದು ಸಂಸ್ಥೆ ಹುಟ್ಟಿತು. ಕೆರೆ ಉಳಿಸಲಿಕ್ಕೆ ಹುಟ್ಟಿದ್ದು. ಉಳಿಸಲಿಕ್ಕೆ ದುಡ್ಡು ಬೇಕು, ಸರ್ಕಾರದ ಹತ್ತಿರ ಇಲ್ಲ, ಖಾಸಗಿಯವರನ್ನು ಕರೆಯೋಣ ಅಂತ ಲೆಕ್ಕ ಹಾಕಿದರು. 2004ರ ಆಸುಪಾಸಿನಲ್ಲಿ ಹೆಬ್ಬಾಳ, ನಾಗವಾರ, ಕೆ.ಆರ್. ಪುರದ ವೆಂಗಯ್ಯನ ಕೆರೆ, ಹೀಗೆ ಕೆಲವು ಕೆರೆಗಳನ್ನು 15 ವರ್ಷಕ್ಕೆ ಗುತ್ತಿಗೆ ಕೊಡುವ ಒಪ್ಪಂದಗಳಾದವು. ಹೆಬ್ಬಾಳ ಓಬೆರಾಯ್ ಸಮೂಹದ ಹೋಟೆಲ್ ಕಂಪನಿಗೆ ಹೋಯಿತು. ನಾಗವಾರ ಕೆರೆ ದಡದಲ್ಲಿ ಲುಂಬಿನಿ ಗಾರ್ಡನ್ಸ್ ಬಂತು. ದೋಣಿ, ಅಲೆ ಏಳುವ ಕೊಳ, ತಿಂಡಿ ಅಂಗಡಿ, ಮಕ್ಕಳ ಆಟ, ಟಿಕೆಟ್ ಕೌಂಟರ್. ಕೆರೆ ನೋಡಿಕೊಳ್ಳುವುದು ಗುತ್ತಿಗೆದಾರರ ಹೊಣೆ. ಅದಕ್ಕೆ ಬದಲಾಗಿ ದಡದಲ್ಲಿ ಇಂಥದ್ದನ್ನೆಲ್ಲ ನಡೆಸಿ ದುಡಿದುಕೊಳ್ಳಬಹುದು. ಹೆಬ್ಬಾಳದ ವಿಚಾರದಲ್ಲಿ ಜನರಿಗೆ ಜಾಸ್ತಿ ಸಿಟ್ಟು ಬರಲು ಇನ್ನೊಂದು ಕಾರಣ ಇತ್ತು. ಆ ಕೆರೆಯನ್ನು ನಾರ್ವೆ ದೇಶದ ನೆರವಿನ ಯೋಜನೆಯಲ್ಲಿ ಅದಾಗಲೇ ಸರಿಪಡಿಸಲಾಗಿತ್ತು. ದುಡ್ಡಿಲ್ಲ, ಅದಕ್ಕೇ ಕೊಡುತ್ತಿದ್ದೇವೆ ಅನ್ನುವ ಮಾತು ಅಲ್ಲಿ ಅಷ್ಟಾಗಿ ನಿಲ್ಲುತ್ತಿರಲಿಲ್ಲ.

2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಅನ್ನುವ ಸಂಸ್ಥೆ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಸಮಿತಿ ಬಂತು, ವರದಿ ಬಂತು. 2012ರ ಆದೇಶದಲ್ಲಿ ಜಿಲ್ಲೆ ಜಿಲ್ಲೆಗೂ ಕೆರೆ ಸಂರಕ್ಷಣಾ ಸಮಿತಿ ಇರಬೇಕು ಅಂತ ಕೋರ್ಟು ಹೇಳಿತು. ಕೆರೆಗಳನ್ನು ಆ ರೀತಿ ಸಾಲಾಗಿ ಗುತ್ತಿಗೆಗೆ ಇಡುವುದು ಅಲ್ಲಿಗೆ ನಿಂತಿತು.

ಕೆರೆಯನ್ನು ಆಟಕ್ಕೆ, ಮೋಜಿಗೆ ಕೊಡುವುದನ್ನು ಖಾಸಗಿಯವರೇ ಶುರು ಮಾಡಿದ್ದು ಅಂತ ಹೇಳುವವರೂ ಇದ್ದಾರೆ. ಅದು ಸರಿಯಲ್ಲ. ಸರ್ಕಾರ ಈ ಕೆಲಸದಲ್ಲಿ ಅವರಿಗಿಂತ ಬಹಳ ಮುಂಚೆಯೇ ಪಳಗಿತ್ತು. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಕೋರಮಂಗಲದ ಒಂದು ಕೆರೆಯ ಜಾಗದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕ್ರೀಡಾಗ್ರಾಮ ಎದ್ದಿತು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಕೆಳಗೆ ಧರ್ಮಾಂಬುಧಿ ಕೆರೆ ಇದೆ ಅನ್ನುವುದಂತೂ ಈಗ ಶಾಲೆ ಮಕ್ಕಳಿಗೂ ಗೊತ್ತು. ಎಂಬತ್ತರ ದಶಕದಲ್ಲಿ ಸರ್ಕಾರವೇ ನೇಮಿಸಿದ್ದ ಲಕ್ಷ್ಮಣ ರಾವ್ ಸಮಿತಿ ‘ಇರುವ ಕೆರೆ ಒಡೆಯಬೇಡಿ’ ಅಂತ ಹೇಳುವ ಹೊತ್ತಿಗೆ ಊರ ನಡುವಿನ ಕೆರೆಗಳು ಬಹುಪಾಲು ಮುಗಿದಿದ್ದವು.

ಇದರಲ್ಲಿ ಸಂಪಂಗಿ ಕೆರೆಯ ಕಥೆ ನನಗೆ ಯಾವಾಗಲೂ ಸೋಜಿಗ. 1896ರ ಹೊತ್ತಿಗೆ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. ನಲ್ಲಿ ಬಂದ ಮೇಲೆ ಊರೊಳಗಿನ ಕೆರೆ ಯಾರಿಗೆ ಬೇಕು? ಬೇಕಾಗಿದ್ದವರು ಸುತ್ತ ತೋಟ ಮಾಡುತ್ತಿದ್ದವರು, ದನ ಸಾಕಿದವರು. ಅವರ ಮಾತು ಎಷ್ಟು ದಿನ ನಡೆದೀತು? ಕೆರೆ ಬತ್ತಿತು, ಮೈದಾನವಾಯಿತು, ಕ್ರೀಡಾಂಗಣವಾಯಿತು. ಆದರೆ ಒಂದು ಮೂಲೆಯಲ್ಲಿ ಚೌಕಾಕಾರದ ಸಣ್ಣ ಕೊಳ ಉಳಿಯಿತು. ಯಾಕೆಂದರೆ ಬೆಂಗಳೂರು ಕರಗಕ್ಕೆ ಸಂಪಂಗಿ ಕೆರೆಯ ನೀರು ಬೇಕು. ಧರ್ಮರಾಯನ ಗುಡಿಯ ವಹ್ನಿಕುಲದವರು ಬಿಟ್ಟುಕೊಡಲಿಲ್ಲ. ಕಾಗದದಲ್ಲಿ ಬರೆದ ಹಕ್ಕಿಗಿಂತ ವರ್ಷ ವರ್ಷ ತಪ್ಪದೆ ಬಂದು ನಿಲ್ಲುವ ಜನ ಗಟ್ಟಿ ಅಂತ ಅಲ್ಲಿಗೆ ಹೋದಾಗಲೆಲ್ಲಾ ಅನ್ನಿಸುತ್ತದೆ. ಸೊಪ್ಪು ಕೊಯ್ಯುವವರಿಗೆ ಪಾಪ, ಕರಗದಂಥ ಬಲ ಇಲ್ಲ.

ಕಾನೂನು ಇದರ ಬಗ್ಗೆ ಏನನ್ನುತ್ತದೆ? ಸರ್ವೆಯರ್‌ಗೆ ವಕೀಲಿಕೆ ಯಾಕೆ ಅಂತ ನಮ್ಮ ಮನೆಯವರು ಕೇಳುತ್ತಾರೆ. ಕೋರ್ಟಿಗೆ ಸ್ಕೆಚ್ ಹಿಡಿದು ಹೋಗಿ ಹೋಗಿ ನನಗೆ ಒಂದಷ್ಟು ತಲೆಗೆ ಹತ್ತಿದೆ, ಅಷ್ಟೇ. ಹಿಮಾಚಲದಲ್ಲಿ ಕುಲ್ಲು ಮನಾಲಿ ಕಣಿವೆಯ ಬಿಯಾಸ್ ನದಿ ದಂಡೆಯಲ್ಲಿ ಸ್ಪ್ಯಾನ್ ಮೋಟೆಲ್ಸ್ ಅಂತ ಒಂದು ಹೋಟೆಲ್. ನದಿ ಪಕ್ಕದ ಅರಣ್ಯ ಭೂಮಿಯನ್ನು ಸರ್ಕಾರ ಅವರಿಗೆ ಗುತ್ತಿಗೆ ಕೊಟ್ಟಿತ್ತು. 1995ರಲ್ಲಿ ಪ್ರವಾಹ ಬಂತು, ನದಿ ಹೋಟೆಲಿನ ಹುಲ್ಲುಹಾಸಿಗೆ ನುಗ್ಗಿತು. ಅವರು ಬುಲ್ಡೋಜರ್ ತಂದು ನದಿಯನ್ನೇ ಆಚೆಗೆ ತಿರುಗಿಸಲು ಹೊರಟರು. ನದಿಗೆ ಹೇಳಿದ್ದು ‘ನೀನು ಒತ್ತುವರಿ ಮಾಡಿದ್ದೀಯ’ ಅಂತ! 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಗುತ್ತಿಗೆಯನ್ನು ರದ್ದು ಮಾಡಿತು. ನದಿ, ದಡ, ಕಾಡು ಇಂಥವಕ್ಕೆ ಸರ್ಕಾರ ಒಡೆಯ ಅಲ್ಲ, ಜನರ ಪರವಾಗಿ ಇಟ್ಟುಕೊಂಡಿರುವ ಟ್ರಸ್ಟಿ ಅಂತ ಹೇಳಿತು. ಟ್ರಸ್ಟಿ ಆದವನು ಆಸ್ತಿ ನೋಡಿಕೊಳ್ಳಬಹುದು, ಪರಭಾರೆ ಮಾಡುವ ಹಾಗಿಲ್ಲ.

ಈ ವಾದದ ಬೇರು ಅಮೆರಿಕದ ಶಿಕಾಗೊದಲ್ಲಿದೆ. 1869ರಲ್ಲಿ ಇಲಿನಾಯ್ ರಾಜ್ಯ ತನ್ನ ದೊಡ್ಡ ಸರೋವರದ ತಳದ ಸಾವಿರ ಎಕರೆಯಷ್ಟು ಜಾಗವನ್ನು ಒಂದು ರೈಲ್ವೆ ಕಂಪನಿಗೆ ಬರೆದುಕೊಟ್ಟಿತು. ನಾಲ್ಕು ವರ್ಷದಲ್ಲಿ ಬುದ್ಧಿ ಬಂದು ವಾಪಸ್ ತೆಗೆದುಕೊಂಡಿತು. ತಕರಾರು ಕೋರ್ಟಿಗೆ ಹೋಯಿತು. 1892ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ರಾಜ್ಯ ವಾಪಸ್ ತೆಗೆದುಕೊಂಡದ್ದು ಸರಿ ಅಂದಿತು. ನಮ್ಮ ಪಕ್ಕದಲ್ಲೇ ತಿರುಪತಿಯ ಅವಿಲಾಲ, ಪೇರೂರು ಕೆರೆಗಳ ಕೇಸು ಇದೆ. 2006ರ ತೀರ್ಪು. ಅದರಲ್ಲೂ ಕೋರ್ಟು ಇದೇ ತತ್ವ ಹೇಳಿತು. ಆದರೆ ಅಷ್ಟು ಹೊತ್ತಿಗೆ ಮನೆಗಳು ಎದ್ದಿದ್ದವು. ಎದ್ದದ್ದನ್ನು ಪೂರ್ತಿ ಕೆಡವಿಸಲಿಕ್ಕೆ ಆಗಲಿಲ್ಲ. ನನ್ನ ಅನುಭವವೂ ಅಷ್ಟೇ. ತೀರ್ಪು ಬರುವಷ್ಟರಲ್ಲಿ ಕಾಂಪೌಂಡ್ ಬಂದಿರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಬೆಂಗಳೂರಿನಲ್ಲಿ ಒಂದು ಕೆರೆ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಕೆರೆ ಹೆಸರು ಬೇಡ. ಒಂದು ಕಂಪನಿಯವರು ಬಂದು ‘ದಡದಲ್ಲಿ ಕೆಫೆ, ಪೆಡಲ್ ದೋಣಿ, ಶನಿವಾರ ಭಾನುವಾರ ಸಂಗೀತ ಎಲ್ಲಾ ಮಾಡುತ್ತೇವೆ, ಕೆರೆ ಕ್ಲೀನಾಗಿ ಇಟ್ಟುಕೊಳ್ಳುತ್ತೇವೆ, ನಿವಾಸಿಗಳ ಸಂಘದವರು ಪಾಲಿಕೆಗೆ ಒಂದು ಬೆಂಬಲ ಪತ್ರ ಕೊಡಿ’ ಅಂತ ಕೇಳಿದ್ದಾರಂತೆ. ಜೊತೆಗೆ ಪ್ರಸ್ತಾವದ ಕರಡು. ಮಗಳು ಅದನ್ನು ನನಗೆ ವಾಟ್ಸಾಪ್ ಮಾಡಿ ‘ಅಪ್ಪಾ, ಓದಿ ಹೇಳಿ’ ಅಂದಳು.

ಓದಿದೆ. ಮೊದಲಿಗೆ ನನ್ನ ಕಣ್ಣು ಬಿದ್ದದ್ದು ಸ್ಕೆಚ್ ಮೇಲೆ. ಕೆರೆಯ ಸುತ್ತ ಒಂದು ದಪ್ಪ ಗೆರೆ. ಅದು ವಾಕಿಂಗ್ ಟ್ರ್ಯಾಕು. ಕೆಲವು ವರ್ಷಗಳ ಹಿಂದೆ ಕೆರೆ ‘ಅಭಿವೃದ್ಧಿ’ ಮಾಡಿದಾಗ ಹೂಳೆತ್ತಿದ ಮಣ್ಣನ್ನು ನಾಲ್ಕೂ ಕಡೆ ಸುರಿದು ಏರಿ ಕಟ್ಟಿ ಅದರ ಮೇಲೆ ಇಂಟರ್‌ಲಾಕ್ ಕಲ್ಲು ಹಾಸಿದ್ದಾರೆ. ಬೆಂಗಳೂರಿನ ಎಷ್ಟೋ ಕೆರೆಗಳಿಗೆ ಇದೇ ಆಗಿದೆ. ತಟ್ಟೆಯ ಹಾಗೆ ಇದ್ದದ್ದು ಬಾಣಲೆಯ ಹಾಗಾಗುತ್ತದೆ. ಅಂಚಿನ ತೆಳು ನೀರು, ಕೆಸರು, ಜೊಂಡು ಎಲ್ಲಾ ಹೋಗುತ್ತದೆ. ಉದ್ದ ಕಾಲಿನ ಹಕ್ಕಿಗಳಿಗೆ ನಿಲ್ಲಲು ಜಾಗ ಇಲ್ಲ. ದನ ಇಳಿಯುವಂತಿಲ್ಲ. ಮೇಲಿಂದ ಹರಿದು ಬರುವ ಮಳೆ ನೀರಿಗೂ ಆ ಏರಿಯೇ ಅಡ್ಡ. ನಾನು ಇಷ್ಟು ವರ್ಷ ತಲೆ ಕೆಡಿಸಿಕೊಂಡ ಪ್ರಶ್ನೆ, ಅಂದರೆ ಕೆರೆ ಎಲ್ಲಿಗೆ ಮುಗಿಯುತ್ತದೆ ಅನ್ನುವುದು, ಅಲ್ಲಿ ಒಂದೇ ಏಟಿಗೆ ಇತ್ಯರ್ಥವಾಗಿಬಿಟ್ಟಿದೆ. ಟ್ರ್ಯಾಕಿನಿಂದ ಒಳಗೆ ನೀರು. ಟ್ರ್ಯಾಕಿನಿಂದ ಆಚೆ ‘ಜಾಗ’. ಮಳೆಗಾಲಕ್ಕೊಮ್ಮೆ ಮುಳುಗಿ ಏಳುವ ನೆಲವನ್ನು ಯಾರೂ ಗುತ್ತಿಗೆ ಹಿಡಿಯುವುದಿಲ್ಲ. ಕದಲದ ಗೆರೆ ಹಾಕಿದ ಮೇಲೆ ಎಕರೆ ಲೆಕ್ಕ ಸಿಗುತ್ತದೆ, ಎಕರೆ ಲೆಕ್ಕ ಸಿಕ್ಕ ಮೇಲೆ ಬಾಡಿಗೆ ಲೆಕ್ಕ ಬರುತ್ತದೆ. ಆ ಟ್ರ್ಯಾಕ್ ಹಾಕಿಸಿದವರು ಯಾರೂ ಕೆಟ್ಟವರಲ್ಲ. ವಾಕಿಂಗ್ ಮಾಡಲಿಕ್ಕೆ ಜಾಗ ಬೇಕು ಅಂತ ಪ್ರೀತಿಯಿಂದಲೇ ಕೇಳಿದವರು.

ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆ. ಗೇಟಿಗೆ ಬೀಗ. ಬೆಳಿಗ್ಗೆ ಒಂದಷ್ಟು ಹೊತ್ತು, ಸಂಜೆ ಒಂದಷ್ಟು ಹೊತ್ತು ಮಾತ್ರ ತೆಗೆಯುತ್ತಾರೆ. ಬೇಲಿಯಾಚೆ ಒಬ್ಬ ವಯಸ್ಸಾದ ಹೆಂಗಸು ಸೊಂಟದಲ್ಲಿ ಚೀಲ ಸಿಕ್ಕಿಸಿಕೊಂಡು ಬಗ್ಗಿ ಸೊಪ್ಪು ಕೊಯ್ಯುತ್ತಿದ್ದರು.

‘ಏನಮ್ಮಾ, ಗೇಟು ಹಾಕಿದ್ದಾರಲ್ಲ, ಒಳಗೆ ಹೆಂಗೆ ಬಂದ್ರಿ?’ ಅಂದೆ.

‘ಕಾಲುವೆ ಕಡೆಯಿಂದ ನುಸುಳ್ಕೊಂಡು ಬಂದೆ ಸ್ವಾಮಿ. ಬೆಳಿಗ್ಗೆ ಬಂದ್ರೆ ವಾಕಿಂಗ್‌ನೋರು ಕೆಸ್ರು ತುಳಿದು ಬರ್ತೀಯ ಅಂತಾರೆ. ಮಧ್ಯಾಹ್ನ ಬಂದ್ರೆ ಬೀಗ. ನಾನು ಯಾವಾಗ ಬರ್ಲಿ ನೀವೇ ಹೇಳಿ.’

‘ಟಿಕೆಟ್ ಇಟ್ಟರೆ?’

‘ಇಷ್ಟು ಸೊಪ್ಪಿಗೆ ಟಿಕೆಟ್ ತಗೊಂಡ್ರೆ ನಂಗೇನು ಉಳಿತದೆ?’ ಅಂತ ನಕ್ಕುಬಿಟ್ಟರು.

ನಾವೆಲ್ಲಾ ಟಿಕೆಟ್ ಬಂದಾಗ ಗಲಾಟೆ ಮಾಡುತ್ತೇವೆ. ಆದರೆ ಅವರ ಪಾಲಿಗೆ ಕೆರೆ ಮುಚ್ಚಿದ್ದು ಟಿಕೆಟ್‌ಗಿಂತ ಬಹಳ ಮುಂಚೆ, ಗೇಟಿನ ಟೈಮ್ ಬೋರ್ಡು ಬಿದ್ದ ದಿನ. ನಡೆಯುವವರು ಬರುವುದು ಬೆಳಿಗ್ಗೆ, ಸಂಜೆ. ದನ ಮೇಯುವುದು, ಸೊಪ್ಪು ಕೊಯ್ಯುವುದು, ಬಟ್ಟೆ ಒಣಹಾಕುವುದು ಎಲ್ಲಾ ಬಿಸಿಲು ಹೊತ್ತಿನಲ್ಲಿ. ಬೋರ್ಡು ಬರೆದವರಿಗೆ ಅದು ಹೊಳೆದಿರಲಿಕ್ಕಿಲ್ಲ.

ಮಗಳ ಹತ್ತಿರ ಇದನ್ನು ಹೇಳಿದೆ. ಅವಳು ಸುಮ್ನೆ ಒಪ್ಪುವವಳಲ್ಲ. ‘ಅಪ್ಪಾ, ನಾವು ಬಂದಾಗ ಈ ಕೆರೆ ಹೇಗಿತ್ತು ಗೊತ್ತಾ? ಕಿಟಕಿ ತೆಗೆಯೋ ಹಾಗಿರಲಿಲ್ಲ. ಕಟ್ಟಡದ ಕಸ ತಂದು ಸುರಿಯೋರು. ರಾತ್ರಿ ಹೆಣ್ಣುಮಕ್ಕಳು ಆ ರಸ್ತೆಯಲ್ಲಿ ಓಡಾಡೋ ಹಾಗಿರಲಿಲ್ಲ. ಬೇಲಿ ಹಾಕಿದ ಮೇಲೆ ತಾನೆ ಒತ್ತುವರಿ ನಿಂತಿದ್ದು? ನೀವು ಹೇಳೋ ಸೊಪ್ಪು, ಆ ನೀರಲ್ಲಿ ಬೆಳೆದದ್ದು, ನೀವು ತಿಂತೀರಾ?’

ನಿಜ, ತಿನ್ನುವುದಿಲ್ಲ. ಬೆಂಗಳೂರಿನ ಬಹುಪಾಲು ಕೆರೆಗಳಿಗೆ ಬರುವುದು ಚರಂಡಿ ನೀರು. ಬೆಳ್ಳಂದೂರಿನಲ್ಲಿ ನೊರೆ ಎದ್ದು ರಸ್ತೆಗೆ ಬಂದದ್ದು, 2018ರ ಜನವರಿಯಲ್ಲಿ ಬೆಂಕಿ ಹತ್ತಿದ್ದು ಯಾರಿಗೆ ಮರೆತಿದೆ? ಬೇಲಿ ಬೇಡ ಅನ್ನುವಷ್ಟು ದಡ್ಡ ನಾನಲ್ಲ. ಎಷ್ಟೋ ಕಡೆ ನಾನೇ ಕಲ್ಲು ನೆಡಿಸಿ ಬೇಲಿ ಹಾಕಿ ಅಂತ ವರದಿ ಬರೆದಿದ್ದೇನೆ. ಬೇಲಿ ಇಲ್ಲದ ಕೆರೆ ಹೋದದ್ದು ಎಲ್ಲಿಗೆ ಅನ್ನುವುದನ್ನು ನನಗಿಂತ ಚೆನ್ನಾಗಿ ಯಾರು ಬಲ್ಲರು?

ನನ್ನ ತಕರಾರು ಬೇಲಿಯ ಬಗ್ಗೆ ಅಲ್ಲ, ಅದರಲ್ಲಿ ಎಷ್ಟು ಬಾಗಿಲು, ಯಾರಿಗೆ, ಯಾವ ಹೊತ್ತಿಗೆ ಅನ್ನುವ ಬಗ್ಗೆ. ಜಕ್ಕೂರು ಕೆರೆಗೆ ಹೋಗಿ ನೋಡಿ. ಮೇಲ್ಗಡೆ ಜಲಮಂಡಳಿಯ ಶುದ್ಧೀಕರಣ ಘಟಕ ಇದೆ. ಅಲ್ಲಿಂದ ಬಿಟ್ಟ ನೀರು ಮೊದಲು ಜೊಂಡು ಬೆಳೆಸಿದ ಜೌಗಿನಲ್ಲಿ ಹಾದು ಆಮೇಲೆ ಕೆರೆಗೆ ಇಳಿಯುತ್ತದೆ. ಸುತ್ತ ಜನ ನಡೆಯುತ್ತಾರೆ. ಮೀನುಗಾರರು ತೆಪ್ಪ ಹಾಕಿಕೊಂಡು ಬಲೆ ಬೀಸುತ್ತಾರೆ. ಮೀನಿನ ಹಕ್ಕು ಅಲ್ಲೂ ಗುತ್ತಿಗೆಯೇ. ನಮ್ಮೂರ ಹುಣಸೆಹಣ್ಣಿನ ಥರದ ಗುತ್ತಿಗೆ. ಮೀನು ಹಿಡಿಯುವವರು ನಡೆಯುವವರನ್ನು ಓಡಿಸುವುದಿಲ್ಲ, ನಡೆಯುವವರಿಗೂ ಮೀನಿನ ವಾಸನೆ ಅಭ್ಯಾಸವಾಗಿದೆ. ಅಲ್ಲೂ ಜಗಳ ಇಲ್ಲ ಅಂತಲ್ಲ. ಆದರೆ ಕೆರೆ ಶುದ್ಧವಾಗಬೇಕಾದರೆ ದಡವನ್ನು ಯಾರಿಗೋ ಬರೆದುಕೊಡಲೇಬೇಕು 
ಅನ್ನುವ ಮಾತು ನನಗೆ ಅಲ್ಲಿ ಸುಳ್ಳು ಅನ್ನಿಸಿತು. ಕೆರೆ ಕೆಡುವುದು ಚರಂಡಿಯಿಂದ. ಅದಕ್ಕೆ ಬೇಕಾದದ್ದು ಶುದ್ಧೀಕರಣ ಘಟಕ. ಕೆಫೆಯವರು ಘಟಕ ಕಟ್ಟುತ್ತಾರಾ? ಕರಡಿನಲ್ಲಿ ಹುಡುಕಿದೆ. ‘ತೇಲುವ ಕಸ ತೆಗೆಯುವುದು’ ಅಂತ ಮಾತ್ರ ಇದೆ. ಕಣ್ಣಿಗೆ ಕಾಣುವ ಕಸ ಅವರದ್ದು, ಕಾಣದ ಕೊಳಕು ಪಾಲಿಕೆಯದ್ದು. ಒಳ್ಳೆ ಲೆಕ್ಕ!

ಮಗಳಿಗೆ ಉತ್ತರ ಬರೆದೆ. ಬೆಂಬಲ ಪತ್ರ ಕೊಡಬೇಡಿ ಅಂತ ಬರೆಯಲಿಲ್ಲ, ಅದು ಅವರ ಸಂಘದ ತೀರ್ಮಾನ. ಕೊಡುವ ಮೊದಲು ಏನು ಕೇಳಬೇಕು ಅಂತ ಬರೆದೆ. ಈ ಸ್ಕೆಚ್ ಯಾರು ತಯಾರಿಸಿದ್ದು? ತಹಶೀಲ್ದಾರ್ ಕಚೇರಿಯ ಸರ್ವೆ ಸ್ಕೆಚ್ ಎಲ್ಲಿ? ಗ್ರಾಮ ನಕಾಶೆಯ ಗೆರೆಗೂ ಟ್ರ್ಯಾಕಿನ ಗೆರೆಗೂ ಎಷ್ಟು ಅಂತರ? ಟ್ರ್ಯಾಕಿನ ಆಚೆ ಇರುವ, ಕೆಫೆ ಬರಬೇಕು ಅಂತಿರುವ ಆ ‘ಖಾಲಿ ಜಾಗ’ ಹಳೇ ಗೆರೆಯ ಒಳಗೇ ಬಿದ್ದರೆ ಅದೂ ಕೆರೆಯೇ ತಾನೆ? ನಾನು ನಕಾಶೆ ತರಿಸಿ ಅಳೆದು ನೋಡಿದ ಪ್ರಕಾರ ಒಂದು ಮೂಲೆ ಹಾಗೇ ಬೀಳುತ್ತದೆ. ಇನ್ನು, ಅವರಿಗೆ ಬೇಕಾದದ್ದು ದೋಣಿ ಓಡಿಸುವ ಹಕ್ಕು, ಕಾಫಿ ಮಾರುವ ಹಕ್ಕು ಅಂತಾದರೆ ಅಷ್ಟನ್ನೇ ವರ್ಷ ವರ್ಷ ಹರಾಜು ಹಾಕಲಿ. ದೋಣಿ ಅವರದ್ದು, ದಡ ಎಲ್ಲರದ್ದು. ಜಾಗದ ಮೇಲೆ 15 ವರ್ಷ, 30 ವರ್ಷ ಅಂತ ಬರೆಸಿಕೊಳ್ಳುವುದು ಯಾಕೆ? ಕೊನೆಗೆ, ಕಾಲುವೆ ಕಡೆಯ ಸಣ್ಣ ಗೇಟು ಮಧ್ಯಾಹ್ನ ತೆಗೆದಿರಬೇಕು. ಕೀಲಿ ಸೆಕ್ಯುರಿಟಿಯವನ ಹತ್ತಿರ ಬೇಡ, ಬೀಗವೇ ಬೇಡ. ದನ ಒಳಗೆ ಬರಬಾರದು ಅಂದರೆ ತಿರುಗುವ ಕಂಬ ಹಾಕಿಸಿ, ಹುಲ್ಲು ಕೊಯ್ದು ಹೊತ್ತುಕೊಂಡು ಹೋಗಲು ಬಿಡಿ.

ಅವಳಿಂದ ಬಂದ ಉತ್ತರ ಹೀಗಿತ್ತು: ‘ಬೀಗ ಬೇಡ ಅನ್ನೋದು ಪಾಸ್ ಆಗಲ್ಲ ಅಪ್ಪಾ. ನಕಾಶೆ ವಿಷಯ ಮಾತ್ರ ಎಲ್ಲರೂ ಕೇಳಬೇಕು. ಭಾನುವಾರ ಹನ್ನೊಂದಕ್ಕೆ ಕ್ಲಬ್‌ಹೌಸ್‌ನಲ್ಲಿ ಮೀಟಿಂಗ್ ಇದೆ, ನೀವೇ ಬಂದು ಹೇಳಿ. ಆದ್ರೆ ಆಣೆ, ಗುಂಟೆ ಅಂತ ಶುರು ಮಾಡಬೇಡಿ, ಅಲ್ಲಿ ಎಲ್ಲರೂ ಚದರಡಿಯವರೇ.’

ಹೋಗುತ್ತೇನೆ. ಒಂದು ಗುಂಟೆ ಅಂದರೆ 1089 ಚದರಡಿ. ಆ ಮೂಲೆ ಎಷ್ಟು ಚದರಡಿ ಆಗುತ್ತದೆ ಅಂತ ಲೆಕ್ಕ ಹಾಕಿ, ನಕಾಶೆಯ ಜೆರಾಕ್ಸ್ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.